ಕಾಡು ಕಾಯುವ ವಿದ್ಯೆ

ನಾವು ಮೂವತ್ತು ವರ್ಷಕಾಲ ಸಂಸ್ಕೃತವನ್ನು ಬೋಧಿಸಿ ನಿವೃತ್ತರಾದವರು. ಅಮರಕೋಶದ ವನೌಷಧಿವರ್ಗವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದೆಂದರೆ ನಮಗೆ ಬಹು ಹೆಮ್ಮೆಯಾಗಿದ್ದಿತು. ಒಮ್ಮೆ ನಂದಿಬೆಟ್ಟದ ತಪ್ಪಲಿನಲ್ಲಿ ನಡೆಯುತ್ತಿರಲು ಹುಡುಗನೊಬ್ಬನು, “ಮೇಷ್ಟ್ರೇ, ಧವವೆಂಬ ಮರ ಇಲ್ಲಿ ಯಾವುದು?” ಎಂದು ಕೇಳಿದನು. ನಮಗೆ ತಿಳಿಯದು. “ಮೊದಲು ಶ್ಲೋಕವನ್ನು ಒಪ್ಪಿಸು” ಎಂದು ಗದರಿಸಿಬಿಟ್ಟೆವು.

ಆ ಹುಡುಗನೇ ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಅರಣ್ಯ ಕಾಲೇಜನ್ನು ಸೇರುವೆನೆಂದು ಹಟ ಹಿಡಿದನು. ಶಿಡ್ಲಘಟ್ಟದ ರೇಷ್ಮೆ ರೈತರಾದ ಆತನ ತಂದೆಯವರು ನಮ್ಮಲ್ಲಿಗೆ ಬಂದು, “ಸೊಪ್ಪಿನ ತೋಟವಿದೆ, ಹುಳುವಿನ ಮನೆಯಿದೆ. ಹತ್ತಿರದ ಚಿಂತಾಮಣಿಯಲ್ಲೇ ರೇಷ್ಮೆ ಕಾಲೇಜಿದೆ. ಕಾಡು ಕಾಯುವುದಕ್ಕೂ ಓದಬೇಕೆ? ನೀವೇ ಬುದ್ಧಿ ಹೇಳಿ ಮೇಷ್ಟ್ರೇ” ಎಂದರು.

ನಾವು ವಿಚಾರಿಸಿ ತಿಳಿದುದನ್ನು ಮರೆಮಾಚದೆ ಹೇಳಿದೆವು. ಈ ವಿದ್ಯೆಗೆ ಡೆಹರಾಡೂನಿನಲ್ಲಿ 1878ರಲ್ಲಿಯೂ ಕೊಯಮತ್ತೂರಿನಲ್ಲಿ 1912ರಲ್ಲಿಯೂ ಶಾಲೆಗಳು ಏರ್ಪಟ್ಟವು. ನಮ್ಮ ರಾಜ್ಯದಲ್ಲಿ ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯ ಕಾಲೇಜುಗಳುಂಟು. ನಾಲ್ಕು ವರ್ಷಗಳ ವ್ಯಾಸಂಗ. ಮರಗಳ ಗುರುತು, ಸಸಿಗಳ ಪಾಲನೆ, ಮಣ್ಣುನೀರುಗಳ ರಕ್ಷಣೆ, ವನ್ಯಪ್ರಾಣಿಗಳ ಜೀವನ ಇವೆಲ್ಲ ಪಾಠಗಳು. ಆದರೆ ಪದವಿ ಬಂದ ಮಾತ್ರಕ್ಕೆ ವಲಯ ಅರಣ್ಯಾಧಿಕಾರಿಯ ಹುದ್ದೆ ದೊರೆಯದು. ಸ್ಪರ್ಧೆಯಲ್ಲಿ ಗೆಲ್ಲಬೇಕು, ಗೆದ್ದ ಮೇಲೆಯೂ ತರಬೇತಿ ಪಡೆಯಬೇಕು.

“ಹಾಗಾದರೆ ಕೆಲಸದ ಖಾತರಿಯೂ ಇಲ್ಲ. ಅಲ್ಲದೆ ನಮ್ಮ ಸೀಮೆಯಲ್ಲಿ ಕಾಡೆಲ್ಲಿದೆ?” ಎಂದರು ಅವರು.

“ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಗೌರಿಬಿದನೂರಿನ ಮೇಲೆ ಹೋಗುವ ಉತ್ತರ ಪಿನಾಕಿನಿಗೂ ಈ ಬೆಟ್ಟಗಳೇ ತವರು. ಇಳಿಜಾರಿನಲ್ಲಿ ಗಿಡ ಹುಲ್ಲು ಉಳಿದರೆ ಮಳೆನೀರು ಇಂಗುತ್ತದೆ. ಬೆಂಕಿ ಬಿದ್ದು ಬೋಳಾದರೆ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಸಾವಿರ ಅಡಿ ಕೊಳವೆಬಾವಿ ಕೊರೆಯಿಸುವ ನಮಗೆ ಇದು ತಿಳಿಯದೆ? ನಿಮ್ಮ ಸೊಪ್ಪಿಗೂ ನೀರು ಬೇಕಲ್ಲವೆ?” ಎಂದೆವು.

ಅವರು ಬಹಳ ಹೊತ್ತು ಸುಮ್ಮನಿದ್ದು, “ನೀರಿನ ಮಾತು ನಿಜ” ಎಂದು ಎದ್ದುಹೋದರು. ಹುಡುಗನು ಶಿರಸಿಗೆ ಹೊರಟನು.

ಮೊದಲ ವರ್ಷದ ರಜೆಯಲ್ಲಿ ಬಂದವನು ನಮ್ಮನ್ನು ಅದೇ ತಪ್ಪಲಿಗೆ ಕರೆದೊಯ್ದನು. ಬೂದು ತೊಗಟೆಯ ಮರವೊಂದನ್ನು ಮುಟ್ಟಿ, “ಮೇಷ್ಟ್ರೇ, ಇದನ್ನು ದಿಂಡಿಗವೆನ್ನುತ್ತಾರೆ. ತಾವು ಹೇಳಿಕೊಟ್ಟ ಧವ ಇದೇ” ಎಂದನು. ನಾವು ಅಂದು ಗದರಿಸಿದುದನ್ನು ಅವನು ಎತ್ತಲಿಲ್ಲ. ನಾವೇ ಎತ್ತಿ, ತಪ್ಪಾಯಿತೆಂದೆವು.

ಅವನಿಗೆ ಹುದ್ದೆ ದೊರೆವುದೋ ಇಲ್ಲವೋ ಹೇಳಲಾರೆವು. ಆದರೆ ನಾವು ಬಾಯಲ್ಲಿ ಬೆಳೆಸಿದ ಕಾಡನ್ನು ಅವನು ಕಣ್ಣಿನಿಂದ ಕಂಡಿದ್ದಾನೆ. ವಾಚಕರೆ, ನಿಮ್ಮ ಮನೆಯ ಮಕ್ಕಳು ಮರದ ಹೆಸರು ಕೇಳಿದರೆ ಗದರಿಸಬೇಡಿ, ತಿಳಿಯದಿದ್ದರೆ ತಿಳಿಯದೆನ್ನಿ.