4 ಡಿಗ್ರಿಯ ಕೋಣೆಯಲ್ಲಿ

ರಾತ್ರಿ ಹತ್ತೂಕಾಲು. ಬೇರಿನ ತಟ್ಟೆಗಳನ್ನು ತಿರುಗಿಸಿಟ್ಟು ಬರೋಣವೆಂದು ಲ್ಯಾಬಿನ ಕೋಲ್ಡ್ ರೂಮಿಗೆ ಹೋದೆ. ಐದು ನಿಮಿಷದ ಕೆಲಸವೆಂದು ಸ್ವೆಟರ್ ಹಾಕಲಿಲ್ಲ, ಫೋನನ್ನು ಹೊರಗಿನ ಮೇಜಿನ ಮೇಲೇ ಬಿಟ್ಟೆ. ಹಿಂದೆ ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು. ಒಳಗಿನಿಂದ ತೆರೆಯುವ ಗುಂಡಿ ಒತ್ತಿದರೆ ಅದು ಕೈಗೇ ಬಂತು. ಎರಡು ತಿಂಗಳಿಂದ ಸಡಿಲವಾಗಿದ್ದದ್ದು ಎಲ್ಲರಿಗೂ ಗೊತ್ತಿತ್ತು, ನನಗೂ. ದೂರು ಬರೆಯಬೇಕಾದವರು ಯಾರು ಎಂಬುದಷ್ಟೇ ಇತ್ಯರ್ಥವಾಗಿರಲಿಲ್ಲ.

ಕೂಗಿದೆ, ಬಾಗಿಲು ಬಡಿದೆ. ಫ್ಯಾನಿನ ಮೊರೆತದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಸುಮ್ಮನೆ ನಿಂತರೆ ನಡುಕ ಜಾಸ್ತಿಯಾಗುತ್ತಿತ್ತು. ಸರಿ, ಬಂದ ಕೆಲಸವನ್ನೇ ಹಿಡಿದೆ.

ನನ್ನ ಗಿಡ ಅರಬಿಡಾಪ್ಸಿಸ್, ಸಾಸಿವೆಯ ಬಡ ನೆಂಟ. ಅಗರ್ ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿದರೆ ಬೇರು ನೂಲಿನ ಎಳೆಯಂತೆ ಕೆಳಗಿಳಿಯುತ್ತದೆ. ತಟ್ಟೆಯನ್ನು ಅಡ್ಡ ತಿರುಗಿಸಿದರೆ, 22 ಡಿಗ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ತುದಿ ಬಾಗಿ ಮತ್ತೆ ಕೆಳಮುಖವಾಗುತ್ತದೆ. 4 ಡಿಗ್ರಿಯಲ್ಲಿ ಬಾಗುವುದಿಲ್ಲ. ಆಕ್ಸಿನ್ ಹಾರ್ಮೋನನ್ನು ಕೋಶದಿಂದ ಕೋಶಕ್ಕೆ ದಾಟಿಸುವ ಪಿನ್2 ಪ್ರೋಟೀನಿನ ಓಡಾಟವನ್ನೇ ಚಳಿ ತಡೆಯುತ್ತದೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದರು. ಬೇರಿನ ಒಂದು ಮಗ್ಗುಲಿಗೆ ಆಕ್ಸಿನ್ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗದಿದ್ದರೆ ಬಾಗು ಎಲ್ಲಿಂದ ಬರಬೇಕು? ನಾನು ಬೆನ್ನು ಹತ್ತಿದ್ದು ಮಿಆರ್393 ಎಂಬ ಪುಟಾಣಿ ಆರ್‌ಎನ್‌ಎಯನ್ನು. ಅದರ ಉದ್ದ 22 ಅಕ್ಷರ. ಚಳಿ ಬಿದ್ದರೆ ಅದು ಹೆಚ್ಚುತ್ತದೆ; ಆಕ್ಸಿನ್ ಬಂದದ್ದನ್ನು ಗುರುತಿಸುವ ಟಿಐಆರ್1 ಗ್ರಾಹಕ ತಯಾರಾಗುವ ಮೊದಲೇ ಅದರ ಸಂದೇಶವನ್ನು ಕತ್ತರಿಸಬಲ್ಲದು.

ತಟ್ಟೆಯ ಬೆನ್ನಿಗೆ ಮಾರ್ಕರಿನಿಂದ ಬೇರುಗಳ ತುದಿ ಗುರುತಿಸುತ್ತಾ ಹೋದೆ. ಹನ್ನೊಂದನೆಯ ತಟ್ಟೆಯ ಹೊತ್ತಿಗೆ ಮಾರ್ಕರ್ ಬೆರಳಲ್ಲಿ ಇದೆಯೋ ಇಲ್ಲವೋ ನೋಡಿಯೇ ತಿಳಿಯಬೇಕಾಯಿತು. ಹಲ್ಲು ಕಟಕಟ ಎನ್ನುತ್ತಿದ್ದವು. ಅಮ್ಮ ಹತ್ತು ಗಂಟೆಗೆ ಮಾಡಿದ್ದ ಫೋನನ್ನು ಎತ್ತಿರಲಿಲ್ಲ ಎಂಬುದು ಸುಮ್ಮಸುಮ್ಮನೆ ನೆನಪಾಗುತ್ತಿತ್ತು.

ಹನ್ನೆರಡೂವರೆಗೆ ಬಾಗಿಲು ತೆರೆಯಿತು. “ಲೈಟ್ ಉರೀತಿತ್ತು ಮೇಡಂ, ಯಾರೋ ಮರ್ತು ಹೋಗವ್ರೆ ಅಂತ ಆರ್ಸೋಕೆ ಬಂದೆ,” ಎಂದ ಕಾವಲಿನವರು ನನ್ನ ಮುಖ ನೋಡಿ ಸುಮ್ಮನಾದರು. ಅವರ ಫ್ಲಾಸ್ಕಿನ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಚೆಲ್ಲಿತು.

ಬೆಳಿಗ್ಗೆ ತಟ್ಟೆಗಳನ್ನು 22 ಡಿಗ್ರಿಗೆ ತಂದಿಟ್ಟೆ. ರಾತ್ರಿಯೊಳಗೆ ಬೇರುಗಳು ಬಾಗಿದವು. ನನ್ನ ಎಡಗೈಯ ಎರಡು ಬೆರಳು ಕೆಂಪಗೆ ಊದಿ ಹದಿನೈದು ದಿನ ತುರಿಸಿದವು. ಗುಂಡಿ ಬದಲಾಯಿತು. ಹನ್ನೊಂದನೆಯ ತಟ್ಟೆಯ ಅಳತೆಗಳನ್ನು ಮಾತ್ರ ಪ್ರಬಂಧಕ್ಕೆ ಸೇರಿಸಲಿಲ್ಲ. ಗುರುತು ಯಾವುದು, ಕೈ ನಡುಗಿ ಬಿದ್ದ ಚುಕ್ಕೆ ಯಾವುದು ಎಂದು ನನಗೇ ಹೇಳಲು ಬರುತ್ತಿರಲಿಲ್ಲ.