ರೊಟ್ಟಿ ಬಿಟ್ಟ ಮೇಲೆ...

ಕಳೆದ ತಿಂಗಳು ಹೆಲ್ತ್ ಚೆಕಪ್‌ನಲ್ಲಿ ಡಾಕ್ಟರು "ಶುಗರ್ ಬಾರ್ಡರ್‌ನಲ್ಲಿದೆ, ಹೊಟ್ಟೆ ಕರಗಿಸಿ" ಅಂದರು. ನನಗಿನ್ನೂ ಇಪ್ಪತ್ತೆಂಟು! ನಮ್ಮ ವಂಶವೇ ಹಾಗೆ ಅಂತ ಸಮಾಧಾನ ಮಾಡಿಕೊಂಡೆ.

ಆಮೇಲೆ ಪೆಸಿಫಿಕ್ ಸಾಗರದ ನೌರು ಎಂಬ ಪುಟ್ಟ ದ್ವೀಪದ ಬಗ್ಗೆ ಓದಿದೆ. ಬೊಜ್ಜಿನಲ್ಲಿ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಅದೂ ಒಂದು. ಬರಗಾಲದಲ್ಲಿ ಬದುಕಿಸಿದ ಜೀನ್‌ಗಳೇ ಈಗ ಸಕ್ಕರೆ ಕಾಯಿಲೆ ತರುತ್ತಿರಬಹುದು ಅಂತ 1962ರಲ್ಲಿ ಜೇಮ್ಸ್ ನೀಲ್ ಎಂಬ ವಿಜ್ಞಾನಿ ಹೇಳಿದ್ದರು. ಇಂಥ ದ್ವೀಪಗಳ ಬಗ್ಗೆ ಮಾತು ಬಂದಾಗೆಲ್ಲ ಆ ವಾದವೂ ಬರುತ್ತದೆ. ಆದರೆ ನೌರುವಿನ ಅಜ್ಜಂದಿರದೂ ಅದೇ ರಕ್ತ ಅಲ್ವಾ? ಬದಲಾಗಿದ್ದು ನೆಲ ಮತ್ತು ತಟ್ಟೆ. ಇಪ್ಪತ್ತನೇ ಶತಮಾನದ ಶುರುವಿನಿಂದ ಫಾಸ್ಫೇಟ್‌ಗಾಗಿ ದ್ವೀಪದ ನಡುಭಾಗವನ್ನೇ ಅಗೆದರು. ಮೀನು, ತೆಂಗಿನಕಾಯಿಯ ಜಾಗಕ್ಕೆ ಹಡಗಿನಲ್ಲಿ ಬಿಳಿ ಅಕ್ಕಿ, ಡಬ್ಬಿ ಮಾಂಸ, ಸಕ್ಕರೆ ಬಂದವು. ಮೈ ಬಗ್ಗಿಸುವ ಕೆಲಸವೂ ಹೋಯಿತು.

ನಮ್ಮ ನೆಲವನ್ನು ಯಾರೂ ಅಗೆಯಲಿಲ್ಲ. ತುಂಗಭದ್ರಾ ಕಾಲುವೆ ಬಂದು ಗಂಗಾವತಿ ಭತ್ತದ ಕಣಜವಾಯಿತು, ಒಳ್ಳೆಯದೇ. ಯಲಬುರ್ಗಾದ ನಮ್ಮ ಎರಿಹೊಲಕ್ಕೆ ಮಳೆಯೇ ಗತಿ, ಅಲ್ಲಿ ಬೆಳೆಯೋದು ಬಿಳಿಜೋಳ. ಅಪ್ಪನ ಬಾಲ್ಯದಲ್ಲಿ ಅನ್ನ ಅಂದ್ರೆ ಹಬ್ಬ. ಈಗ ನಮ್ಮನೆಯಲ್ಲೂ ಎರಡು ಹೊತ್ತು ಸೋನಾ ಮಸೂರಿ. ನಾನಂತೂ ಬೆಂಗಳೂರಲ್ಲಿ ಅನ್ನ ತಿಂದು ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುವವನು!

ಮೊನ್ನೆ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಒಲೆ ಮುಂದೆ ರೊಟ್ಟಿ ಬಡಿಯುತ್ತಾ ಅಂದಳು: "ನಿಮ್ಮಜ್ಜನ ರಕ್ತಾನೂ ಇದ ಐತಪ್ಪಾ. ಆದ್ರ ಅಂವ ಕುಂತು ಉಂಡಾವಲ್ಲ."

ನಾನು ಸುಮ್ಮನೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಆದರೆ ಒಂದು ವಿಷಯ... ಊಟ ಮುಗಿಸಿ ಹೊಲದವರೆಗೆ ನಡೆದೇ ಹೋದೆ.

ನಿಮ್ಮ ಮನೆ ತಟ್ಟೆಯಲ್ಲಿ ಏನೇನು ಬದಲಾಗಿದೆ? ಹೇಳಿ.