ಪಕ್ಕದ ಮನೆಯ ನಾಯಿ ಮತ್ತು ನನ್ನ ಸಿಟ್ಟು



ಸಿಟ್ಟನ್ನು ಗೆದ್ದಿದ್ದೇನೆ ಎಂದು ನಿವೃತ್ತಿಯ ನಂತರ ನಾನು ನಂಬಿಕೊಂಡಿದ್ದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಪ್ರತಿ ವರ್ಷವೂ ಮಕ್ಕಳಿಗೆ ಶರಣರ ದಯೆಯ ಪಾಠ ಹೇಳಿದವನಿಗೆ ಅಂಥದೊಂದು ನಂಬಿಕೆ ಬೆಳೆಯುವುದು ಸಹಜವೇ. ಆ ನಂಬಿಕೆಯನ್ನು ಪಕ್ಕದ ಮನೆಯ ಒಂದು ನಾಯಿ ಮುರಿದು ಹಾಕಿತು. ನಾಯಿಯಲ್ಲ, ನಾಯಿಯ ಒಡೆಯರು ಎಂದು ಆಗೆಲ್ಲ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಸ್ವಲ್ಪ ಹಿಂಜರಿಯುತ್ತೇನೆ.

ನಮ್ಮ ಮನೆ ಇರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಎಷ್ಟೋ ಮನೆಗಳು ಹೋದವು. ಆ ಮನೆಗಳ ಜನರಿಗಾಗಿ ಎದ್ದ ಊರು ಇದು. ಇಲ್ಲಿ ಓಣಿಗಳಿಲ್ಲ, ಸೆಕ್ಟರುಗಳಿವೆ. ಹಳೆಯ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿ ನಿಂತ ಮನೆಗಳು. ಅಲ್ಲಿ ನಾಯಿಗೆ ಒಬ್ಬ ಒಡೆಯನೆಂಬುವನು ಇರಲಿಲ್ಲ. ಒಬ್ಬರ ಮನೆಯ ರೊಟ್ಟಿಯ ಚೂರು, ಇನ್ನೊಬ್ಬರ ಮನೆಯ ಕಟ್ಟೆಯ ನೆರಳು, ಹೀಗೆ ಅದರ ದಿನ ಕಳೆಯುತ್ತಿತ್ತು. ಹಾಗೆಂದು ಹಳೆಯದನ್ನೆಲ್ಲ ಹೊಗಳಲು ನಾನು ಸಿದ್ಧನಿಲ್ಲ. ನನ್ನ ದೊಡ್ಡಪ್ಪನ ಮಗನಿಗೆ ಅಂಥದೇ ಒಂದು ಓಣಿಯ ನಾಯಿ ಕಚ್ಚಿ, ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡು ಅವನು ಅತ್ತದ್ದು ನನಗಿನ್ನೂ ನೆನಪಿದೆ. ಯಾರನ್ನು ಕೇಳುವುದು? ಎಲ್ಲರದೂ ಆದ ನಾಯಿ ಅಂದು ಯಾರದೂ ಆಗಿರಲಿಲ್ಲ.

ನೆರೆಮನೆಯವರೂ ನಮ್ಮಂತೆ ಹಳೆಯ ಊರಿನಿಂದ ಎದ್ದು ಬಂದವರೇ. ಅಲ್ಲಿ ಅವರದು ಕಿರಾಣಿ ಅಂಗಡಿ. ಇಂದಿಗೂ ನಾವೆಲ್ಲ ಅವರನ್ನು ಸಾವ್ಕಾರರು ಎಂದೇ ಕರೆಯುತ್ತೇವೆ. 2024ರ ಯುಗಾದಿಯ ಸುಮಾರಿಗೆ ಅವರ ಮಗ ಮುಧೋಳದ ಕಡೆಯಿಂದ ಒಂದು ನಾಯಿಯನ್ನು ತಂದ. ಮುಧೋಳ ತಳಿಯ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಾದದ್ದಿಲ್ಲ. ಉದ್ದನೆಯ ಮೂತಿ, ಬೆನ್ನಿಗೆ ಹತ್ತಿದ ಹೊಟ್ಟೆ, ಬಿಲ್ಲಿನಂತೆ ಬಾಗುವ ಮೈ. ಬಯಲಿನಲ್ಲಿ ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯಲೆಂದೇ ಹುಟ್ಟಿದ ಜೀವ ಅದು. ಮುಧೋಳದ ಘೋರ್ಪಡೆ ಅರಸರು ಅದನ್ನು ಅಕ್ಕರೆಯಿಂದ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ತಂದಿತು. ಪರಕೀಯರು ಮೈ ಮುಟ್ಟುವುದು ಅದಕ್ಕೆ ಸೇರದು, ಒಂದೇ ಕಡೆ ಕಟ್ಟಿಹಾಕಿದರೆ ಕುದಿಯುತ್ತದೆ ಎಂದು ಅದನ್ನು ಸಾಕಿದ ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ.

ನಾಗರ ಪಂಚಮಿ ಮುಗಿಸಿಕೊಂಡು ಮಗ ಪುಣೆಗೆ ನೌಕರಿಗೆ ಹೋದ. ನಾಯಿ ಉಳಿಯಿತು. 30×40ರ ಸೈಟಿನಲ್ಲಿ ಗಾಡಿ ನಿಲ್ಲಿಸುವ ಜಾಗದ ಕಂಬಕ್ಕೆ ಅದನ್ನು ಸರಪಳಿಯಿಂದ ಕಟ್ಟಿದರು. ಅಲ್ಲಿಂದ ನಮ್ಮ ನೆಮ್ಮದಿ ಕೆಟ್ಟಿತು. ರಾತ್ರಿ ಎರಡು ಗಂಟೆಗೆ ಬೊಗಳಲು ಶುರುಮಾಡಿದರೆ ನಾಲ್ಕರವರೆಗೂ ನಿಲ್ಲದು. ಬೆಳಗಿನ ಜಾವ ಲಿಂಗಪೂಜೆಗೆ ಕುಳಿತರೆ ಅಂಗೈಯ ಮೇಲೆ ದೃಷ್ಟಿ ನಿಲ್ಲುವ ಬದಲು ಕಿವಿ ಗೋಡೆಯಾಚೆ ಹೋಗುತ್ತಿತ್ತು. ಐದೂವರೆಗೆ ಸಾವ್ಕಾರರು ಸರಪಳಿ ಬಿಚ್ಚುವರು. ನಾಯಿ ಹೊರಗೆ ಹಾರಿ ಬಂದು ನೇರವಾಗಿ ನಮ್ಮ ಗೇಟಿನ ಮುಂದೆಯೇ ಹೊಲಸು ಮಾಡುವುದು. ನನ್ನ ಮನೆಯವರು ಸಗಣಿ ಸಾರಿಸಿ ರಂಗೋಲಿ ಹಾಕುವ ಜಾಗ ಅದು. ಮೊದಲ ತಿಂಗಳು ಅವರು ಒಂದು ಮಾತೂ ಆಡದೆ ತೆಗೆದು ಹಾಕಿದರು. ಎರಡನೆಯ ತಿಂಗಳು ರಂಗೋಲಿ ಹಾಕುವುದನ್ನೇ ಬಿಟ್ಟರು. ನನಗೆ ತಡೆಯಲಾಗದೆ ಹೋದದ್ದು ಅದು.

ಒಂದು ದಿನ ಗೋಡೆಯ ಮೇಲಿಂದ ನಗುನಗುತ್ತಲೇ ಹೇಳಿದೆ: "ಸಾವ್ಕಾರ್ರ, ನಿಮ್ಮ ವೀರ ರಾತ್ರಿಯೆಲ್ಲಾ ಪಾರಾಯಣ ಮಾಡ್ತಾನಲ್ರಿ." ಅವರು ತಲೆ ಎತ್ತದೆ ಅಂದರು: "ನಾಯಿ ಅಂದಮ್ಯಾಲ ಒದರೂದ ಅದರ ಕೆಲಸ ಮಾಸ್ತರ್ರ. ಕಳ್ಳರ ಭಯ ನಿಮಗೂ ತಪ್ಪೈತಿ." ಅಷ್ಟೇ. ಆ ಒಂದು ಉತ್ತರದಿಂದ ನನಗೆ ಅವರೊಂದಿಗೆ ಮಾತು ಸಾಕೆನಿಸಿತು. ಮುಂದೆ ನಾಲ್ಕು ತಿಂಗಳು ಈ ವಿಷಯವನ್ನು ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರೊಂದಿಗೂ ಆಡಿದೆ: ಬೆಳಗಿನ ವಾಯುಸೇವನೆಯ ಗೆಳೆಯರೊಂದಿಗೆ, ಔಷಧ ಅಂಗಡಿಯವನೊಂದಿಗೆ, ಬೆಂಗಳೂರಿನ ಮಗಳೊಂದಿಗೆ.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ನೋಟುಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಲು ಆರಂಭಿಸಿದೆ. ಬೊಗಳಿದ ಹೊತ್ತು, ಹೊಲಸು ಮಾಡಿದ ದಿನ, ಬೀದಿ ಗುಡಿಸುವ ತಾಯಿಯ ಸೆರಗಿಗೆ ಬಾಯಿ ಹಾಕಿದ್ದು, ಎಲ್ಲವೂ ಅಲ್ಲಿ ದಾಖಲಾಯಿತು. ಕಾನೂನನ್ನೂ ಓದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯವಾಗದಂತೆ ಅಥವಾ ತೀವ್ರ ಗಾಯವಾಗದಂತೆ ನೋಡಿಕೊಳ್ಳದ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ ಇನ್ನೊಂದು ಮಾತು ಸಿಕ್ಕಿತು: ಸದಾ ಸರಪಳಿಯಲ್ಲಿಟ್ಟ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದೂ ಅಪರಾಧವೇ. ಮೊದಲ ಸಲದ ತಪ್ಪಿಗೆ ಹೆಚ್ಚೆಂದರೆ 50 ರೂಪಾಯಿ ದಂಡ ಎಂಬುದನ್ನು ಓದಿ ನಿರಾಶೆಯಾಯಿತು. ನೋಡಿ, ಆ ವಾಕ್ಯ ನಾಯಿಯ ಪರವಾಗಿ ಬರೆದದ್ದು. ನಾನು ಅದನ್ನು ಓದಿದ್ದು ಸಾವ್ಕಾರರ ವಿರುದ್ಧ ಇನ್ನೊಂದು ಅಂಶವೆಂದು. ಗೋಡೆಯಾಚೆ ದಿನಕ್ಕೆ ಇಪ್ಪತ್ಮೂರು ಗಂಟೆ ಕಟ್ಟಿಹಾಕಿಸಿಕೊಂಡ ಪ್ರಾಣಿಯ ಕಡೆಗೆ ನನ್ನ ಮನಸ್ಸು ಹೊರಳಲೇ ಇಲ್ಲ. ನಾಲ್ಕು ಪುಟದ ಅರ್ಜಿ ಸಿದ್ಧವಾಯಿತು. ಇನ್ನೊಂದು ಬಲವಾದ ಪ್ರಸಂಗ ಸಿಗಲಿ, ಆಮೇಲೆ ಕೊಡೋಣ ಎಂದು ಇಟ್ಟುಕೊಂಡೆ.

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಆ ಪ್ರಸಂಗವೂ ಒದಗಿತು. ಹಾಲಿನ ಪಾಕೀಟು ಹಾಕುವ ಹುಡುಗ, ಪಿಯುಸಿ ಓದುವವನು, ನಮ್ಮ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದ. ನಾಯಿ ಹಿಂದಿನಿಂದ ಬಂದು ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಚೀರಾಟ ಕೇಳಿ ಓಡಿ ಬಂದೆ. ಪ್ಯಾಂಟು ಹರಿದು ರಕ್ತ ಇಳಿಯುತ್ತಿತ್ತು. ಆ ಕ್ಷಣದಲ್ಲಿ ನನ್ನೊಳಗೆ ಮೊದಲು ಎದ್ದದ್ದು ಏನೆಂದು ಇಲ್ಲಿ ಬರೆಯದಿದ್ದರೆ ಈ ಲೇಖನವನ್ನು ಬರೆಯುವುದೇ ವ್ಯರ್ಥ. ಮೊದಲು ಎದ್ದದ್ದು ಕನಿಕರವಲ್ಲ. 'ಈಗ ಸಿಕ್ಕಿದರು' ಎಂಬ ಸಮಾಧಾನ. ಅರೆಗಳಿಗೆಯಷ್ಟೇ ಇದ್ದೀತು. ಆದರೆ ಇತ್ತು.

ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಸುಣ್ಣ, ಅರಿಶಿನ ಹಿಡಿದು ಬಂದರು. ಅದೊಂದನ್ನು ಮಾತ್ರ ನಾನು ಸರಿಯಾಗಿ ತಡೆದೆ. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ, ಎಣ್ಣೆ ಏನನ್ನೂ ಮೆತ್ತಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು, ಬಿಗಿಯಾಗಿ ಪಟ್ಟಿ ಕಟ್ಟಬಾರದು. ಹುಡುಗನನ್ನು ನಲ್ಲಿಯ ಕೆಳಗೆ ಕೂರಿಸಿ ತೊಳೆದೆ. ಸಾವ್ಕಾರರು ಬಾಗಿಲಲ್ಲಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು. "ನಾಯಿಗೆ ರೇಬಿಸ್ ಲಸಿಕೆ ಹಾಕಿಸೀರೇನ್ರಿ?" ಎಂದು ಕೇಳಿದೆ. "ಮಗ ಹಾಕಿಸಿರಬೇಕ್ರಿ" ಎಂದರು. ಕಾರ್ಡು ಇರಲಿಲ್ಲ. ಪುಣೆಗೆ ಫೋನು ಮಾಡಿದರೆ ಮಗ, ನೀವೇ ಹಾಕಿಸಿರುತ್ತೀರಿ ಎಂದುಕೊಂಡಿದ್ದೆ ಎಂದನಂತೆ.

ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರು ಹುಡುಗನ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿದರು. ತೋಳಿಗೆ ಲಸಿಕೆ ಹಾಕಿದರು. ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ತಪ್ಪದೆ ಬರಬೇಕೆಂದರು. ಹೊಕ್ಕುಳಿನ ಇಂಜೆಕ್ಷನ್ನಿನ ಕಾಲ ಎಂದೋ ಮುಗಿದಿದೆ. ಆದರೆ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ತೀರ ಅಪರೂಪ; ಆ ಭಯ ಮಾತ್ರ ಹಾಗೆಯೇ ಇದೆ. ವೈದ್ಯರು ಇನ್ನೊಂದು ಮಾತು ಹೇಳಿದರು: "ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿ. ಅದಕ್ಕೆಂದು ಲಸಿಕೆ ನಿಲ್ಲಿಸಬೇಡಿ."

ಸಂಜೆ ಹುಡುಗನ ತಾಯಿ ಬಂದರು. ನನ್ನ ನೋಟುಬುಕ್ಕನ್ನು ಅವರಿಗೆ ತೋರಿಸಿದೆ. ಅವರ ನೋವಿಗೆ ಬೆಂಬಲವಾಗಿ ತೋರಿಸುತ್ತಿದ್ದೇನೆ ಎಂದೇ ನನ್ನ ಭಾವನೆ. ಅವರಿಗೆ ಓದು ಬರುತ್ತಿರಲಿಲ್ಲ. ಬೀದಿ ಗುಡಿಸುವ ತಾಯಿಯ ಪ್ರಸಂಗವನ್ನು ನಾನೇ ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅದು ಬಾಯಿ ಹಾಕ್ತೈತಿ ಅಂತ ನಿಮಗ ಮೊದಲ ಗೊತ್ತಿತ್ತಲ್ರಿ ಸರ್ರ. ನಮ್ಮ ಹುಡುಗಗ ಒಂದ್ ಮಾತ ಹೇಳಬಾರದಿತ್ತೇನ್ರಿ?"

ದಿನಾ ಬೆಳಿಗ್ಗೆ ಐದು ಮುಕ್ಕಾಲಿಗೆ ನನ್ನ ಕೈಗೆ ಹಾಲು ಕೊಟ್ಟು ಹೋಗುತ್ತಿದ್ದ ಹುಡುಗ ಅವನು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ಹೋದೆ. ಕ್ಷಮೆ ಕೇಳಲೂ ಅಲ್ಲ, ಜಗಳಕ್ಕೂ ಅಲ್ಲ, ನಾಯಿಯನ್ನು ನೋಡಬೇಕಿತ್ತು. ನೀರು ಕುಡಿಯುತ್ತದೆಯೇ, ಜೊಲ್ಲು ಸುರಿಯುತ್ತಿದೆಯೇ, ಕಾಲು ಎಳೆಯುತ್ತದೆಯೇ, ದನಿ ಬದಲಾಗಿದೆಯೇ ಎಂದು ಇಬ್ಬರೂ ದೂರ ನಿಂತು ನೋಡಿದೆವು. ಹತ್ತು ದಿನವೂ ಹೋದೆ. ಮೊದಲ ಎರಡು ದಿನ ನಮ್ಮ ನಡುವೆ ಮಾತಿಲ್ಲ. ಮೂರನೆಯ ದಿನ ಅಕ್ಕಾರು ಚಹ ತಂದಿಟ್ಟರು. ಸರಪಳಿ ಉಜ್ಜಿ ಉಜ್ಜಿ ನಾಯಿಯ ಕೊರಳ ಕೂದಲು ಉದುರಿತ್ತು. ಕಂಬದ ಸುತ್ತ ಅದು ತಿರುಗಿದ ಗುರುತು ನೆಲದ ಮೇಲೆ ಬಳೆಯಂತೆ ಮೂಡಿತ್ತು. ಐದನೆಯ ದಿನ ಸಾವ್ಕಾರರು ತಾವಾಗಿಯೇ ಬಾಯಿ ಬಿಟ್ಟರು. ಎರಡೂ ಮೊಣಕಾಲು ಸವೆದಿವೆ, ಆ ನಾಯಿ ಒಮ್ಮೆ ಜಗ್ಗಿದರೆ ತಾವು ಬಿದ್ದುಬಿಡುತ್ತಾರೆ. ಒಮ್ಮೆ ಬಿದ್ದೂ ಇದ್ದಾರೆ, ಯಾರಿಗೂ ಹೇಳಿಲ್ಲ. "ಮಗನ ನಾಯಿ ಮಾಸ್ತರ್ರ. ಕೊಟ್ಟಬಿಡು ಅಂದರ ಅವನು ಊರಿಗೆ ಬರೂದ ಬಿಡ್ತಾನ ಅಂತ ಅಂಜಿಕಿ. ನೀವು ಅವತ್ತ ನಕ್ಕೋತ ಅಂದ್ರಿ. ನಕ್ಕೋತ ಅಂದದ್ದಕ್ಕ ನಾನೂ ಹಂಗ ಅಂದೆ."

ಅವರ ತಪ್ಪು ಇದರಿಂದ ಕಡಿಮೆಯಾಯಿತು ಎಂದು ನಾನು ಹೇಳಲಾರೆ. ನಡೆಸಲಾಗದವರು ನಾಯಿಯನ್ನು ಬೆಳಗಿನ ಜಾವ ಬೀದಿಗೆ ಬಿಡಬಾರದು. ಲಸಿಕೆ ಹಾಕಿಸದೆ ಇಟ್ಟುಕೊಂಡದ್ದಕ್ಕಂತೂ ಯಾವ ಸಮಜಾಯಿಷಿಯೂ ಇಲ್ಲ. ಅದನ್ನು ಅವರ ಮುಖದೆದುರೇ ಹೇಳಿದೆ. ಹೇಳಲು ಬಂದಿತು ಎಂಬುದೇ ನನಗೆ ಆಶ್ಚರ್ಯ.

ಹನ್ನೊಂದನೆಯ ದಿನ ನಾಯಿ ಆರೋಗ್ಯವಾಗಿತ್ತು. ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ, ದಿನಾಂಕ ಬರೆದ ಕಾರ್ಡನ್ನು ಸಾವ್ಕಾರರು ನನಗೆ ತೋರಿಸಲೆಂದೇ ತಂದರು. ಹುಡುಗ ದುಡಿಯಲಾಗದ ದಿನಗಳ ಹಣವನ್ನು ಅವನ ತಾಯಿಗೆ ಕೊಟ್ಟುಬಂದರು. ನಮ್ಮ ಸೆಕ್ಟರಿನಲ್ಲಿ ಪೊಲೀಸ್ ಭರ್ತಿಗೆಂದು ದಿನವೂ 1600 ಮೀಟರ್ ಓಟದ ಅಭ್ಯಾಸ ಮಾಡುವ ತರುಣನೊಬ್ಬನಿದ್ದಾನೆ, ನನ್ನ ಹಳೆಯ ವಿದ್ಯಾರ್ಥಿ. ಹದಿನೈದು ದಿನ ಸಾವ್ಕಾರರ ಪಕ್ಕದಲ್ಲಿ ಕುಳಿತು ರೊಟ್ಟಿ ಹಾಕಿ ನಾಯಿಯ ಸಲುಗೆ ಬೆಳೆಸಿಕೊಂಡ. ಈಗ ಬೆಳಿಗ್ಗೆ ಅದನ್ನು ಹಗ್ಗ ಹಿಡಿದು ಮೈದಾನಕ್ಕೆ ಓಡಿಸಿಕೊಂಡು ಹೋಗುತ್ತಾನೆ. ಒಮ್ಮೆ ನಾನೂ ನೋಡಲು ಹೋದೆ. ಮುಧೋಳದ ನಾಯಿ ಓಡುವುದನ್ನು ಈ ವಯಸ್ಸಿನವರೆಗೆ ನಾನು ಕಂಡೇ ಇರಲಿಲ್ಲ. ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಓಡಿ ಬಂದ ರಾತ್ರಿ ಅದು ಬೊಗಳುವುದು ಕಡಿಮೆ. ಅವನು ಪರೀಕ್ಷೆಗೆಂದು ಊರು ಬಿಟ್ಟ ವಾರ ಮತ್ತೆ ಮೊದಲಿನಂತೆಯೇ.

ಅರ್ಜಿ ಇನ್ನೂ ಕಪಾಟಿನಲ್ಲಿದೆ, ಹರಿದು ಹಾಕಿಲ್ಲ. ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ನನ್ನ ಮನೆಯವರು ಹಾಲಿನ ಲೆಕ್ಕ ಬರೆಯುತ್ತಾರೆ. ಹುಡುಗ ಈಗಲೂ ಬರುತ್ತಾನೆ. ಆದರೆ ನಮ್ಮ ಮನೆ ಬಂದಾಗ ಸೈಕಲ್ಲಿನಿಂದ ಇಳಿಯುವುದಿಲ್ಲ. ನಾನೇ ಗೇಟು ದಾಟಿ ಹೋಗಿ ಪಾಕೀಟು ಇಸಿದುಕೊಳ್ಳುತ್ತೇನೆ.

ಮೊನ್ನೆ ಮತ್ತೆ ರಂಗೋಲಿಯ ಪಕ್ಕದಲ್ಲಿಯೇ ಹೊಲಸಾಗಿತ್ತು. ಗೋಡೆಯ ಹತ್ತಿರ ನಿಂತು, ನಗದೆ, "ಸಾವ್ಕಾರ್ರ" ಎಂದು ಕೂಗಿದೆ.

"ನೋಡೀನ್ರಿ ಮಾಸ್ತರ್ರ," ಎಂದು ಒಳಗಿನಿಂದ ದನಿ ಬಂತು, "ಸಲಿಕಿ ಹುಡುಕಾಕತ್ತೀನಿ."